ಹೆಪ್ಪು ಕೇಳಲು ಬರುವವರು

"ಗುರುಗಳೇ, ಬಾಗಿಲನ್ನು ಯಾವ ದಿಕ್ಕಿಗೆ ಇಡಲಿ?" ಎಂದು ಭರಮಣ್ಣ ಕೇಳಿದ.

"ಯಾವ ಬಾಗಿಲು?"

"ಊರ ಹೊರಗೆ ದಿಬ್ಬದ ಮೇಲೆ ಒಂದು ಮನೆ ಕಟ್ಟಿಸುತ್ತಿದ್ದೇನೆ. ನನ್ನ ಅಕ್ಕನಿಗೆ ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ, ನಿಮಗೆ ಗೊತ್ತೇ ಇದೆ. ಅವಳೂ ಅವಳಂಥವರೂ ಅಲ್ಲಿ ಸುಖವಾಗಿರಲಿ. ಅಂಥ ಮನೆಯನ್ನು ಈ ಸೀಮೆಯಲ್ಲಿ ಯಾರೂ ಕಟ್ಟಿಲ್ಲ, ಮುಂದೆ ಕಟ್ಟುವುದೂ ಇಲ್ಲ. ನಮ್ಮದೇನು ಸಣ್ಣ ಮನೆತನವೇ? ನಮ್ಮ ಮನೆಯ ಹೊಸ್ತಿಲನ್ನು ನಾಲ್ಕು ಆಳು ಹೊತ್ತು ತಂದು ಕೂರಿಸಿದ್ದರು! ಹೊಸ ಮನೆಯ ಪಾಯ ಮುಗಿದಿದೆ. ನಾಳೆ ಬಾಗಿಲು ನಿಲ್ಲಿಸಬೇಕು. ಸುಗ್ಗಿ ಮುಗಿದ ಕೂಡಲೇ ಅಕ್ಕನನ್ನು ಅಲ್ಲಿ ಬಿಟ್ಟು ಬರುತ್ತೇನೆ."

ಗುರುಗಳು ನಕ್ಕರು. "ಕೂತುಕೋ ಮಾರಾಯ. ನಿನ್ನ ಹಾಗೆಯೇ ಮನೆ ಕಟ್ಟಿಸಿದ ಒಬ್ಬ ವ್ಯಾಪಾರಿ ಇದ್ದ" ಎಂದು ಹೇಳತೊಡಗಿದರು.

ಆ ವ್ಯಾಪಾರಿಯ ಓಣಿಯಲ್ಲೇ ಒಬ್ಬ ಹೆಂಗಸು ಒಂಟಿಯಾಗಿ ವಾಸವಾಗಿದ್ದಳು. ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ಕೂತೇ, ಕೈಯೂರಿ ಸರಿಯುತ್ತಿದ್ದಳು. ಅವಳು ಹಾಕಿದ ಮೊಸರು ಕಲ್ಲಿನಂತೆ ಗಟ್ಟಿ. ಓಣಿಯಲ್ಲಿ ಯಾರ ಮನೆಯಲ್ಲಿ ಹೆಪ್ಪಿಗೆ ಮೊಸರು ಉಳಿಯದಿದ್ದರೂ ಅವಳ ಮನೆಗೇ ಬಟ್ಟಲು ಹಿಡಿದು ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ಆ ಊರಿನ ರೂಢಿ. ಆದ್ದರಿಂದ ಹೊತ್ತು ಮುಳುಗುವ ಮುಂಚೆ ಅವಳ ಬಾಗಿಲಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು.

ಅವಳ ಮನೆಯ ಹೊಸ್ತಿಲು ಎತ್ತರವಿತ್ತು. ಒಂದು ದಿನ ಅದನ್ನು ದಾಟುವಾಗ ಉರುಳಿ ಬಿದ್ದು ಮೊಣಕೈ ಒಡೆದುಕೊಂಡಳು. ವ್ಯಾಪಾರಿ ಅದನ್ನು ಕಂಡು ಮರುಗಿದ. ಕೆರೆಯಾಚೆ ದೊಡ್ಡ ಮನೆ ಕಟ್ಟಿಸಿದ. ಹೊಸ್ತಿಲಿಲ್ಲದ ಬಾಗಿಲುಗಳು, ನುಣುಪಾದ ನೆಲ, ಅಡುಗೆಗೆ ಒಬ್ಬ ಭಟ್ಟ, ಬೇಕಾದಷ್ಟು ಹಾಲು. ಅವಳನ್ನು ಗಾಡಿಯಲ್ಲಿ ಕೂರಿಸಿ ಅಲ್ಲಿಗೆ ಕಳಿಸಿದ. ಸುತ್ತಲಿನ ಊರುಗಳಿಂದ ಕಣ್ಣು ಕಾಣದವರನ್ನೂ ಕಿವಿ ಕೇಳದವರನ್ನೂ ಕರೆತಂದು ಸೇರಿಸಿದ. ಊರೆಲ್ಲ ಅವನನ್ನು ಹೊಗಳಿತು.

ಕೆಲವು ತಿಂಗಳ ಮೇಲೆ ಭಟ್ಟ ಬಂದು ಹೇಳಿದ: "ಧಣಿ, ಆ ಹೆಂಗಸಿಗೆ ಏನೋ ಆಗಿದೆ. ದಿನಾ ಒಂದು ಬಟ್ಟಲು ಮೊಸರು ಎತ್ತಿಟ್ಟುಕೊಂಡು ಸಂಜೆ ಬಾಗಿಲಲ್ಲಿ ಕೂರುತ್ತಾಳೆ. ತಾನೂ ತಿನ್ನುವುದಿಲ್ಲ, ಯಾರಿಗೂ ಕೊಡುವುದಿಲ್ಲ. ನಾನು ದೀಪ ಹಚ್ಚಿದೊಡನೆ ಅದನ್ನು ನನ್ನ ಗಡಿಗೆಗೇ ಸುರಿದು ಒಳಗೆ ಹೋಗುತ್ತಾಳೆ."

ವ್ಯಾಪಾರಿಗೆ ಇದೇನೆಂದು ತಿಳಿಯುವ ಕುತೂಹಲ ಹುಟ್ಟಿತು. ಸಂಜೆ ತಾನೇ ಕೆರೆ ದಾಟಿ ಬಂದ. ಅವಳು ಬಟ್ಟಲು ಹಿಡಿದು ಕೂತಿದ್ದಳು.

"ಏನಮ್ಮಾ, ಇಲ್ಲಿ ಮೊಸರಿಗೇನಾದರೂ ಕೊರತೆಯೇ?"

"ಕೊರತೆ ಎಲ್ಲಿ ಬಂತು ಸ್ವಾಮಿ? ನಿಮ್ಮ ಭಟ್ಟ ಬಡಿಸೋದು ನೋಡಿದರೆ ಹೊಟ್ಟೆ ಬಿರಿಯಬೇಕು."

"ಮತ್ತೆ ಈ ಬಟ್ಟಲು ಯಾರಿಗೆ?"

"ಹೆಪ್ಪು ಕೇಳೋಕೆ ಬರೋರಿಗೆ. ನಿಮ್ಮ ಮನೆಯಾಕೆಯೇ ಎಷ್ಟು ಸಲ ಬಂದಿಲ್ಲ! ಬಂದವಳು ಸುಮ್ಮನೆ ಹೋಗುತ್ತಿದ್ದಳೇ? ನಿಮ್ಮನ್ನು ನಾಲ್ಕು ಮಾತು ಬೈದು, ನನ್ನ ಕೈಲೂ ಎರಡು ಬೈಸಿ, ಹಗುರಾಗಿ ಹೋಗುತ್ತಿದ್ದಳು. ಇಲ್ಲಿ ಎಲ್ಲರೂ ಕೊಡೋರೇ. ಕೇಳೋರು ಒಬ್ಬರೂ ಇಲ್ಲ."

ವ್ಯಾಪಾರಿಗೆ ನಗು ಬಂತು. ಕೋಪವೂ ಬಂತು. "ಅಲ್ಲಮ್ಮಾ, ಆ ಹೊಸ್ತಿಲಿನಲ್ಲಿ ಬಿದ್ದು ಕೈ ಒಡೆದುಕೊಂಡಿದ್ದು ಮರೆತೆಯಾ?"

"ಮರೆತಿಲ್ಲ. ಹೊಸ್ತಿಲು ಎತ್ತರ ಅಂತ ನಿಮಗೂ ಕಂಡಿತ್ತು. ಅದನ್ನು ಕೊಯ್ಸೋದು ಬಿಟ್ಟು ನನ್ನನ್ನೇ ಎತ್ತಿ ತಂದು ಇಲ್ಲಿ ಇಟ್ಟಿರಲ್ಲ ಸ್ವಾಮಿ!"

ವ್ಯಾಪಾರಿ ದೀಪ ಹಚ್ಚುವವರೆಗೂ ಅಲ್ಲೇ ಕೂತಿದ್ದ. ಯಾರೂ ಬರಲಿಲ್ಲ. ಅವಳು ಮೊಸರನ್ನು ಗಡಿಗೆಗೆ ಸುರಿದಳು.

ಮರುದಿನ ವ್ಯಾಪಾರಿ ಅವಳನ್ನು ಗಾಡಿಯಲ್ಲಿ ಕೂರಿಸಿ, ಬಡಗಿಯನ್ನೂ ಕರೆದುಕೊಂಡು ಅವಳ ಹಳೆಯ ಮನೆಗೆ ಹೋದ. ಓಣಿಯ ಹಿರಿಯರು ಅಡ್ಡ ಬಂದರು. ಹೊಸ್ತಿಲು ಕೊಯ್ದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ಕೂಗಾಡಿದರು. ಗಾಡಿಯಲ್ಲೇ ಕೂತಿದ್ದ ಹೆಂಗಸು, "ಒಳಗೆ ಬರೋಕೂ ಅವಳಿಗೆ ಸಲೀಸಾಯಿತು ಬಿಡ್ರಪ್ಪ" ಎಂದಳು. ಹಿರಿಯರಲ್ಲೇ ಒಬ್ಬ ನಕ್ಕುಬಿಟ್ಟ. ಬಡಗಿ ಗರಗಸ ಹಾಕಿದ. ಹೊಸ್ತಿಲು ನೆಲಮಟ್ಟಕ್ಕೆ ಬಂತು. ಮೆಟ್ಟಿಲಿದ್ದಲ್ಲಿ ಮಣ್ಣು ತುಂಬಿ ಇಳಿಜಾರು ಮಾಡಿದರು. ಬೆಳಿಗ್ಗೆ ನೀರು ಸೇದಿ ಕೊಡಲು ಒಬ್ಬಳನ್ನು ಗೊತ್ತು ಮಾಡಿದರು.

ಆಮೇಲೆ ವ್ಯಾಪಾರಿ ಕೆರೆಯಾಚೆಯ ಮನೆಯಲ್ಲಿದ್ದ ಉಳಿದವರನ್ನೂ ಎಲ್ಲಿರಲು ಇಷ್ಟವೆಂದು ಒಬ್ಬೊಬ್ಬರಾಗಿ ಕೇಳಿದ. ಹೆಚ್ಚಿನವರು ತಮ್ಮ ತಮ್ಮ ಓಣಿಯ ಹೆಸರು ಹೇಳಿದರು. ಒಬ್ಬ ಮುದುಕ ಮಾತ್ರ, "ನನಗೆ ಇಲ್ಲಿಯೇ ಚೆನ್ನಾಗಿದೆ, ನನ್ನನ್ನು ಮತ್ತೆ ಎತ್ತಬೇಡ" ಎಂದ. ಅವನನ್ನು ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಭರಮಣ್ಣ ತಲೆದೂಗಿದ. "ಕತೆಯೇನೋ ಚೆನ್ನಾಗಿದೆ ಗುರುಗಳೇ. ನನ್ನಂಥವನು ಎಂಥ ಕತೆಯ ತಿರುಳನ್ನಾದರೂ ಹಿಡಿದುಬಿಡುತ್ತಾನೆ. ಆದರೆ ಬಾಗಿಲು ಯಾವ ದಿಕ್ಕಿಗೆ ಅನ್ನುವುದನ್ನು ನೀವು ಹೇಳಲೇ ಇಲ್ಲವಲ್ಲ?"

"ಅದಿರಲಿ ಭರಮಣ್ಣ, ನಾಲ್ಕು ಆಳು ಹೊತ್ತು ತಂದ ನಿಮ್ಮ ಮನೆಯ ಹೊಸ್ತಿಲನ್ನು ನಿನ್ನ ಅಕ್ಕ ಹೇಗೆ ದಾಟುತ್ತಾಳೆ?"