ಪಾತ್ರಿಕಪ್ಪ ಸ್ವಾಮಿಯ ತೋಳು ಬಿಚ್ಚಿದ್ದು

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಅಂಬೆಗಾಲಿಡುತ್ತಿದ್ದ ಕಾಲಕ್ಕೆ, ಹೊಳೆದಂಡೆಯ ಒಂದೂರಲ್ಲಿ ಪಾತ್ರಿಕಪ್ಪ ಅಂತ ಮರ ಕೆತ್ತುವವನೊಬ್ಬ ಇದ್ದನಂತೆ. ಅವನು ಕೆತ್ತಿದ ಗಿಣಿಗೆ ಬೆಕ್ಕು ಹೊಂಚು ಹಾಕುತ್ತಿತ್ತಂತೆ. ನಗಬೇಡಿ, ಹೇಳಿದವರು ಸುಳ್ಳಾಡುವವರಲ್ಲ.

ಅವನಜ್ಜಿ ನೋರಮ್ಮ ಐರ್ಲೆಂಡಿನವಳು. ದಂಡಿನಲ್ಲಿದ್ದ ಗಂಡನ ಜೊತೆ ಬಂದು ಇಲ್ಲೇ ನೆಲೆನಿಂತವಳು. ಅವಳ ನಾಡಲ್ಲಿ ಒಂದು ಕಾಲಕ್ಕೆ ಆಳುವವರು ಬೇರೆ ಪಂಗಡದ ಕ್ರೈಸ್ತರಾಗಿ, ಇವರ ಪೂಜೆಗೇ ಅಡ್ಡಿಯಿತ್ತಂತೆ. ಬೆಟ್ಟದ ಬಂಡೆ ಮೇಲೆ ಗುಟ್ಟಾಗಿ ಪೂಜೆ ನಡೆಸುವಾಗ ಒಬ್ಬ ಕಾವಲು ಕೂರುತ್ತಿದ್ದನಂತೆ. ಸಿಪಾಯಿಗಳು ಬಂದರೆ ಅಂಗಿಯೊಳಗೆ ಸರಕ್ಕನೆ ಅಡಗಿಸಲಿಕ್ಕಾಗಲಿ ಅಂತ ಶಿಲುಬೆಯ ತೋಳನ್ನೇ ಮೋಟು ಮಾಡುತ್ತಿದ್ದರಂತೆ. ಸಾಯುವಾಗ ಅಜ್ಜಿ, ಶಿಲುಬೆಯ ಸ್ವಾಮಿಯ ತೋಳು ಅಡಗಿಸಲಾಗದಷ್ಟು ಚಾಚಿ ಕೆತ್ತಬೇಡ ಮಗಾ, ಹಿಡಿದುಬಿಡುತ್ತಾರೆ ಅಂತ ಮೊಮ್ಮಗನಿಂದ ಮಾತು ತೆಗೆದುಕೊಂಡಳಂತೆ.

ಹೀಗಿರಲಾಗಿ ಊರ ಕ್ರೈಸ್ತರು ಹೊಸ ಚರ್ಚು ಕಟ್ಟಿದರು. ಶುಭ ಶುಕ್ರವಾರಕ್ಕೆ ಶಿಲುಬೆಯ ಮೇಲೆ ಆಳೆತ್ತರದ ಸ್ವಾಮಿ ಬೇಕು ಅಂದರು. ಪಾತ್ರಿಕಪ್ಪ ಹಲಸಿನ ದಿಮ್ಮಿ ತಂದ. ಮುಖ ಬಂತು, ಪಾದ ಬಂತು, ತೋಳಿನ ಹತ್ತಿರ ಉಳಿ ನಿಂತೇ ಹೋಯಿತು. ಚಾಚಿ ಕೆತ್ತಿದರೆ ಅಜ್ಜಿಗೆ ಕೊಟ್ಟ ಮಾತು ಹೋಯಿತು, ಮೋಟು ಮಾಡಿದರೆ ಊರವರಿಗೆ ಮುಖ ತೋರಿಸುವಂತಿಲ್ಲ. ಪಾಪ, ಅನ್ನ ಸೇರಲಿಲ್ಲ ಅವನಿಗೆ.

ಕೊನೆಗೆ ಹೆಗಲಿಗೆ ಕೀಲು ಇಟ್ಟನಂತೆ. ಬಿಚ್ಚಿದರೆ ತೋಳು ಅಗಲಕ್ಕೆ ಚಾಚುತ್ತಿತ್ತು, ಮಡಚಿದರೆ ಪಕ್ಕೆಗೆ ಅಂಟಿಕೊಳ್ಳುತ್ತಿತ್ತು.

ಶುಕ್ರವಾರ ಜನ ಕಿಕ್ಕಿರಿದರು. ಪಾದ್ರಿಗಳು ತೋಳು ಬಿಚ್ಚಪ್ಪ ಅಂದರು. ಪಾತ್ರಿಕಪ್ಪನಿಗೆ ಕೈಯೇ ಏಳಲಿಲ್ಲ. ಕಣ್ಣು ಬಾಗಿಲ ಕಡೆಗೇ. ಗಳಗಳ ಅತ್ತು ಅಜ್ಜಿಯ ಕಥೆಯನ್ನೆಲ್ಲ ಹೇಳಿಬಿಟ್ಟನಂತೆ.

ಮೂರ್ತಿ ನೋಡಲು ಬಂದಿದ್ದ ಊರ ಯಜಮಾನ ಮಾಯಿಗೌಡ ಬಾಗಿಲಾಚೆ ನಿಂತಿದ್ದ. ಅವನ ದೇವರು ಬೇರೆ. ಆದರೂ ಹೆಗಲ ಮೇಲಿನ ವಲ್ಲಿ ಹಾಸಿ ಹೊಸ್ತಿಲ ಮೇಲೆ ಕೂತೇಬಿಟ್ಟ.

"ಕಾವಲಿಗೆ ನಾನು ಕೂತಿದೀನಿ ಕಣ್ಲಾ. ಬಿಚ್ಚು ನಿನ್ನ ಸ್ವಾಮಿ ತೋಳ" ಅಂದನಂತೆ.

ಪಾತ್ರಿಕಪ್ಪ ಬಲತೋಳು ಬಿಚ್ಚಿ ಬಾಗಿಲ ಕಡೆ ನೋಡಿದ. ಎಡತೋಳು ಬಿಚ್ಚಿ ಮತ್ತೆ ನೋಡಿದ.

"ಯಾರೂ ಬರ್ತಿಲ್ಲ" ಅಂದ ಗೌಡ.

ಆಗ ಪಾತ್ರಿಕಪ್ಪ ಬಿಟ್ಟ ನಿಟ್ಟುಸಿರಿಗೆ ಉರಿಯುತ್ತಿದ್ದ ಮೇಣದ ಬತ್ತಿಗಳೆಲ್ಲ ಆರಿಹೋದವಂತೆ. ಎಷ್ಟು ಕಾಲದ ಉಸಿರೋ ಅದು, ಅವನೊಬ್ಬನದೇ ಅಲ್ಲ.

ಈಗಲೂ ಆ ಊರಲ್ಲಿ ಶುಭ ಶುಕ್ರವಾರ ಗೌಡರ ಮನೆಯವರೊಬ್ಬರು ಹೊಸ್ತಿಲಲ್ಲಿ ಕೂತ ಮೇಲೇ ತೋಳು ಬಿಚ್ಚುವುದು. ಹೋದ ಸಲ ಕೂತದ್ದು ಆ ಮನೆಯ ಸೊಸೆ, ಕಂಕುಳಲ್ಲಿ ಕೂಸು. ಹೊರಗಿಂದ ಅವರು "ಯಾರೂ ಬರ್ತಿಲ್ಲ" ಅನ್ನುವ ತನಕ ಒಳಗೆ ಯಾರೂ ಕೆಮ್ಮುವುದೂ ಇಲ್ಲ. ಅಂದ ಮೇಲೆ ಇಡೀ ಚರ್ಚು ಒಟ್ಟಿಗೆ ಉಸಿರು ಬಿಡುತ್ತದೆ.