ಅರ್ಧ ಲೋಟ ಕಾಫಿ

ನಾಗಭೂಷಣ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುವ ಮೊದಲೇ ಮಾತು ಶುರುಮಾಡಿದ.

"ಬುದ್ಧಿ, ನಾನು ಶಾಂತಮಲ್ಲಪ್ಪನ ಮಗ. ಕಾಫಿಪುಡಿ ಅಂಗಡಿ ಶಾಂತಮಲ್ಲಪ್ಪ. ಅಪ್ಪ ಹೋಗಿ ಒಂದು ವರ್ಷ ಆಯ್ತು. ಅವರ ಕಾಫಿಯ ಹದ ನನಗೆ ಸಿಗ್ತಾ ಇಲ್ಲ. ನೀವು ಹೇಳ್ಕೊಡಬೇಕು. ಸಾಯಂಕಾಲದ ಬಸ್ಸಿಗೆ ವಾಪಸ್ ಹೊರಡಬೇಕು ನಾನು."

ಗುರುಗಳು ಮಠದ ಜಗಲಿಯಲ್ಲಿ ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು. ತಿರುಗಿ ನೋಡಿದರು.

"ಇನ್ನೊಂದು ಚಪ್ಪಲೀನೂ ಬಿಡಪ್ಪ" ಅಂದರು.

ಕಾವಿ ಉಡುವ ಮೊದಲು ಅವರು ಕಾಫಿ ಬೀಜ ಬೆರೆಸುವ ಕೆಲಸದಲ್ಲಿದ್ದವರು. ಶಾಂತಮಲ್ಲಪ್ಪ ಕೆಲಸ ಕಲಿತದ್ದೂ ಅವರ ಕೈಕೆಳಗೇ. ಕಾವಿ ಉಟ್ಟ ಮೇಲೆ ಎಲ್ಲವನ್ನೂ ಬಿಟ್ಟರು, ಕಾಫಿಯೊಂದನ್ನು ಬಿಡಲಿಲ್ಲ. ಭಕ್ತರು ತಂತಮ್ಮ ತೋಟದ ಬೀಜ ತಂದುಕೊಡುತ್ತಾರೆ. ಗುರುಗಳು ಅದನ್ನು ಹುರಿದು, ಬೆರೆಸಿ, ಬಂದವರಿಗೆಲ್ಲ ಕಾಫಿ ಕೊಡುತ್ತಾರೆ. ಜನ ಅಲ್ಲಿಗೆ ಬರುವುದು ಪ್ರವಚನಕ್ಕೋ ಕಾಫಿಗೋ ಎಂದು ಕೇಳಿದರೆ, ನಾನಂತೂ ಕಾಫಿಗೇ ಅನ್ನುತ್ತೇನೆ.

"ಹದ ಸಿಕ್ಕಿಲ್ಲ ಅಂತ ಯಾರು ಹೇಳಿದರು?" ಗುರುಗಳು ಕೇಳಿದರು.

"ಅವ್ವ."

"ಏನಂದರು?"

"ಏನೂ ಅನ್ನಲ್ಲ ಬುದ್ಧಿ. ದಿನಾ ಬೆಳಿಗ್ಗೆ ಲೋಟದ ತುಂಬ ಕಾಫಿ ಕೊಡ್ತೀನಿ. ಅರ್ಧ ಕುಡಿದು ಅರ್ಧ ಬಿಡ್ತಾರೆ. ರೊಬಸ್ಟಾ ಬೀಜ ಕಮ್ಮಿ ಮಾಡಿ ನೋಡಿದೆ, ಅರ್ಧ. ಪೀಬರಿ ಬೀಜ ಜಾಸ್ತಿ ಹಾಕಿದೆ, ಅರ್ಧ. ಚಿಕೋರಿ ಪೂರ್ತಿ ತೆಗೆದುಬಿಟ್ಟೆ, ಆಗಲೂ ಅರ್ಧ. ಒಂದು ವರ್ಷದಿಂದ ಹೀಗೇ."

ಅಪ್ಪನನ್ನು ವಾಪಸ್ ತರುವುದಕ್ಕಂತೂ ಆಗುವುದಿಲ್ಲ. ಅಪ್ಪನ ಕಾಫಿಯನ್ನಾದರೂ ಅವ್ವನಿಗೆ ಕೊಡೋಣವೆಂದರೆ ಅದೂ ತನ್ನ ಕೈಯಲ್ಲಿ ಆಗುತ್ತಿಲ್ಲವಲ್ಲ ಎಂಬ ಸಂಕಟ ಅವನದು.

ಜೇಬಿನಿಂದ ಒಂದು ಚೀಟಿ ತೆಗೆದ.

"ಅಪ್ಪ ಬರೆದಿಟ್ಟ ಅಳತೆ ಇದು. ಪ್ಲಾಂಟೇಷನ್ ಬೀಜ ಐದು ಪಾಲು, ಪೀಬರಿ ಎರಡು, ರೊಬಸ್ಟಾ ಮೂರು. ಇದರ ಪ್ರಕಾರ ಮಾಡಿದ್ರೂ ಆಗ್ಲಿಲ್ಲ."

"ಯಾವ ವರ್ಷದ್ದು ಇದು?"

"ವರ್ಷ ಬರೆದಿಲ್ಲ."

"ಹಾಗಾದ್ರೆ ಸಾಯಂಕಾಲದ ಬಸ್ಸು ಹೋಗಲಿ ಬಿಡು. ಮನೇಲಿ ಅವ್ವನ ಜೊತೆ ಯಾರಿದಾರೆ?"

"ಅಕ್ಕ ಬಂದಿದಾಳೆ."

"ಸರಿ ಮತ್ತೆ."

ಮಾರನೆಯ ಬೆಳಿಗ್ಗೆ ಗುರುಗಳು ಕೊಟ್ಟ ಕಾಫಿಯ ಮೊದಲ ಗುಟುಕಿಗೇ ನಾಗಭೂಷಣ ಎದ್ದು ನಿಂತ.

"ಇದೇ ಬುದ್ಧಿ! ಅಪ್ಪನ ಅಂಗಡಿ ಕಾಫಿ ಇದೇ!"

ಅವತ್ತು ಗುರುಗಳು ಯಾವ ಬೀಜ ಎಷ್ಟು ಹಿಡಿ ತೆಗೆದರೆಂದು ಕದ್ದು ನೋಡಿ ಬರೆದುಕೊಂಡಿದ್ದ. ಸರಿಯಾಗಿ ಬರೆದೆನೋ ಇಲ್ಲವೋ ಎಂದು ಮರುದಿನವೂ ನೋಡಿದ. ಲೆಕ್ಕ ಬೇರೆಯಾಗಿತ್ತು. ಅದರ ಮರುದಿನ ಇನ್ನೂ ಬೇರೆ. ಅವನಿಗೆ ತಲೆ ಕೆಟ್ಟುಹೋಯಿತು.

"ನನ್ನನ್ನ ಆಟ ಆಡಿಸ್ತಿದೀರಾ ಬುದ್ಧಿ? ಮೊನ್ನೆ ರೊಬಸ್ಟಾ ಮೂರು ಹಿಡಿ ಹಾಕಿದ್ರಿ. ನಿನ್ನೆ ಎರಡು. ಇವತ್ತು ಒಂದೂವರೆ. ನಿಜವಾದ ಅಳತೆ ಯಾವುದು?"

ಕದ್ದು ನೋಡಿದ್ದನ್ನು ತಾನೇ ಒಪ್ಪಿಕೊಂಡೆ ಎಂಬುದೂ ಅವನಿಗೆ ಹೊಳೆಯಲಿಲ್ಲ.

"ಮೊನ್ನೆಗೂ ಇವತ್ತಿಗೂ ರುಚಿ ಬೇರೆ ಆಯ್ತಾ?" ಗುರುಗಳು ಕೇಳಿದರು.

ನಾಗಭೂಷಣ ನಾಲಿಗೆ ಚಪ್ಪರಿಸಿ ನೋಡಿದ.

"ಇಲ್ಲ."

"ಮೊನ್ನೆ ಹಾಕಿದ್ದು ಹಳೇ ಚೀಲದ್ದು, ಸತ್ವ ಇಳಿದಿತ್ತು. ನಿನ್ನೆ ಹೊಸ ಚೀಲ ಬಿಚ್ಚಿದೆ, ಅದರ ಕಹಿ ಜಾಸ್ತಿ. ಇವತ್ತು ಹುರಿಯುವಾಗ ಯಾರೋ ಮಾತಾಡಿಸಿದರು, ಬೀಜ ಒಂದು ಸುತ್ತು ಕಪ್ಪಾಯ್ತು. ಬೀಜ ದಿನಾ ಬೇರೆ ಆಗಬಹುದು, ಅಳತೆ ಮಾತ್ರ ಆಗಬಾರದು ಅಂದ್ರೆ ಹೇಗಪ್ಪ?"

"ಹಾಗಾದ್ರೆ ಅಪ್ಪನ ಚೀಟಿ?"

"ಯಾವುದೋ ಒಂದು ವರ್ಷದ ಬೀಜಕ್ಕೆ ಬರೆದದ್ದು. ಮಾರನೇ ವರ್ಷ ನಿಮ್ಮಪ್ಪ ಅದನ್ನ ತೆಗೆದೂ ನೋಡಿರಲ್ಲ."

ನಾಗಭೂಷಣ ಆ ಕ್ಷಣವೇ ಒಲೆಯ ಹತ್ತಿರ ಓಡಿದ. ಮೂರು ಥರದ ಬೀಜವನ್ನೂ ಒಂದೇ ಬಾಣಲೆಗೆ ಸುರಿದು ಹುರಿಯತೊಡಗಿದ. ಉಂಡೆ ಉಂಡೆ ಪೀಬರಿ ಉರುಳಾಡಿಕೊಂಡು ಸೀದುಹೋಯಿತು. ರೊಬಸ್ಟಾ ಹಸಿಯಾಗಿಯೇ ಉಳಿಯಿತು.

ಗುರುಗಳು ಬಾಣಲೆ ಇಳಿಸಿದರು.

"ಮೂವರಿಗೂ ಒಂದೇ ಹೊತ್ತಿಗೆ ಹಸಿವಾಗುತ್ತಾ?"

"ಬೇರೆಬೇರೆಯಾಗಿ ಹುರಿದರೆ ಹೊತ್ತಾಗುತ್ತೆ ಬುದ್ಧಿ."

"ಆಗುತ್ತೆ. ಇನ್ನು ಮೇಲೆ ದಿನಕ್ಕೆ ಒಂದೇ ಬೀಜ. ಒಂದನ್ನೇ ಹುರಿ, ಒಂದನ್ನೇ ಕುಡಿ. ಬೆರೆಸು ಅಂತ ನಾನು ಹೇಳೋವರೆಗೂ ಬೆರೆಸಬೇಡ."

ಅವನಿಗೆ ಅದು ಸೆರೆಮನೆಯಂತಾಯಿತು. ಬೆಳಿಗ್ಗೆ ಒಂದು ಲೋಟ ಕುಡಿದರೆ ಮುಗಿಯಿತು, ಇಡೀ ದಿನ ಹೊಳೆದಂಡೆಯಲ್ಲಿ ಅತ್ತಿಂದಿತ್ತ ಓಡಾಟ. ಊರಿಗೆ ಹೊರಡಲೆಂದು ಮೂರು ಸಲ ಗಂಟು ಕಟ್ಟಿದ, ಮೂರು ಸಲ ಬಿಚ್ಚಿದ. ಅವ್ವನ ಅರ್ಧ ಲೋಟ ನೆನಪಾದಾಗಲೆಲ್ಲ ನಿಂತ ಕಡೆ ನಿಲ್ಲಲಾಗುತ್ತಿರಲಿಲ್ಲ.

ಆದರೂ ನಾಲಿಗೆ ತನ್ನ ಕೆಲಸ ಮಾಡುತ್ತಿತ್ತು. ಪ್ಲಾಂಟೇಷನ್ ಬೀಜದ್ದು ಒಳ್ಳೆಯ ಘಮ, ಜೊತೆಗೆ ತುಸು ಹುಳಿ. ಪೀಬರಿಯದು ಮೆದು ರುಚಿ. ರೊಬಸ್ಟಾಕ್ಕೆ ಘಮ ಸಾಲದು, ಆದರೆ ಹಾಲು ಬಿದ್ದರೂ ಅದು ಜಗ್ಗುವುದಿಲ್ಲ. ಇಷ್ಟು ದಿನ ಅದನ್ನು ಬರೀ ಕಹಿ ಎಂದು ಬೈದದ್ದಕ್ಕೆ ನಾಗಭೂಷಣನಿಗೆ ನಾಚಿಕೆಯಾಯಿತು.

ಅವನು ಬಂದ ಹನ್ನೊಂದನೆಯ ದಿನ ಗುರುಗಳು "ಬೆರೆಸು" ಅಂದರು.

ಅವನು ಬೇರೆಬೇರೆಯಾಗಿ ಹುರಿದ. ಹುರಿದದ್ದನ್ನು ಒಂದೊಂದೇ ಕಾಳು ಕಡಿದು ನೋಡಿದ. ಏನನ್ನೂ ಬರೆದುಕೊಳ್ಳದೆ ಬೆರೆಸಿದ, ಪುಡಿ ಮಾಡಿದ, ಡಿಕಾಕ್ಷನ್ ಇಳಿಸಿದ.

ಗುರುಗಳು ಲೋಟ ಖಾಲಿ ಮಾಡಿ ಕೆಳಗಿಟ್ಟರು.

"ಇದು ಶಾಂತಮಲ್ಲಪ್ಪನ ಕಾಫಿ."

ನಾಗಭೂಷಣ ಅಡ್ಡಬಿದ್ದ. ಎದ್ದವನೇ ಚೀಲ ಹೆಗಲಿಗೇರಿಸಿದ.

"ಬರ್ತೀನಿ ಬುದ್ಧಿ. ನಾಳೆ ಅವ್ವ ಲೋಟ ಪೂರ್ತಿ ಕುಡೀತಾರೆ."

"ಇಲ್ಲ. ಅರ್ಧಾನೇ ಕುಡೀತಾರೆ."

ಚೀಲ ಹೆಗಲಿಂದ ಜಾರಿತು. ಹನ್ನೊಂದು ದಿನ ತಡೆದಿಟ್ಟಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಇನ್ನೇನು ತಪ್ಪಿದೆ ಇದರಲ್ಲಿ? ಹೇಳಿಬಿಡಿ!"

"ಕಾಫೀಲಿ ಏನೂ ತಪ್ಪಿಲ್ಲ. ಅರ್ಧ ಕುಡಿದ ಮೇಲೆ ನಿಮ್ಮವ್ವ ಲೋಟ ಏನು ಮಾಡ್ತಾರೆ?"

"ಮೇಲೊಂದು ತಟ್ಟೆ ಮುಚ್ಚಿ ಒಲೆ ಪಕ್ಕ ಇಡ್ತಾರೆ."

"ಯಾಕೆ ಅಂತ ಕೇಳಿದ್ಯಾ?"

"ಇಲ್ಲ ಬುದ್ಧಿ. ಬೇರೆ ಅಳತೇಲಿ ಬೆರೆಸೋಕೆ ಅಂಗಡಿಗೆ ಓಡೋ ಆತುರ ನನಗೆ."

"ಅಪ್ಪ ಇದ್ದಾಗ ಅವರಿಬ್ಬರೂ ಕಾಫಿ ಕುಡಿಯೋದು ನೋಡಿದ್ಯಾ?"

"ನಾನು ಏಳ್ತಾ ಇದ್ದದ್ದೇ ಅಪ್ಪ ಅಂಗಡಿ ಬಾಗಿಲು ತೆಗೆದ ಮೇಲೆ."

ಗುರುಗಳು ಹೊಳೆಯ ಕಡೆ ಕೈ ತೋರಿಸಿದರು.

"ಇಬ್ಬರೂ ಇಲ್ಲಿಗೆ ಬರೋರು. ನಾನು ಎರಡು ಲೋಟ ಕೊಟ್ರೆ ಒಂದನ್ನ ಹಿಂದಕ್ಕೆ ಕೊಡೋರು. ನಿಮ್ಮವ್ವ ಅರ್ಧ ಕುಡಿದು ತಟ್ಟೆ ಮುಚ್ಚಿ ಇಡೋರು. ನಿಮ್ಮಪ್ಪ ಹೊಳೇಲಿ ಸ್ನಾನ ಮುಗಿಸಿ ಬಂದು ಉಳಿದದ್ದನ್ನ ಕುಡಿಯೋರು."

ನಾಗಭೂಷಣ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

"ನಾನು ಅದನ್ನ ದಿನಾ ಬಚ್ಚಲಿಗೆ ಚೆಲ್ತಿದ್ದೆ ಬುದ್ಧಿ. ಅವ್ವನ ಕಣ್ಣೆದುರಿಗೇ."

ಗುರುಗಳು ಜಾರಿಬಿದ್ದ ಚೀಲವನ್ನು ಎತ್ತಿ ಅವನ ಹೆಗಲಿಗೆ ಹಾಕಿದರು.

"ನಾಳೆ ಚೆಲ್ಲಬೇಡ. ಆರಿಹೋಗಿದ್ರೂ ನೀನೇ ಕುಡಿ."