ಪಾರುಪತ್ಯಗಾರನ ಪರಿಹಾರ

ಎಲ್ಲಿಯದೋ ಒಂದು ರಾಜ್ಯ, ಅದಕ್ಕೊಬ್ಬ ರಾಜ. ರಾಜ ಒಳ್ಳೆಯವನೇ, ಕಿವಿ ಮಾತ್ರ ಹಿತ್ತಾಳೆಯದು.

ಆ ರಾಜ್ಯದ ಹೊಳೆದಂಡೆಯ ಕೇರಿಯಲ್ಲಿ ನಿಂಗಾಜಮ್ಮ ಎಂಬ ಮುದುಕಿ ಇದ್ದಳು. ಒಂದು ಮಳೆಗಾಲ ಹೊಳೆ ಉಕ್ಕಿತು, ಅವಳ ಮನೆ ಬಿತ್ತು, ಕಟ್ಟಿದಳು. ಎರಡನೆಯ ಮಳೆಗಾಲ ಮನೆ ಮತ್ತೆ ಬಿತ್ತು, ಮತ್ತೆ ಕಟ್ಟಿದಳು. ಮೂರನೆಯ ಸಲ ಮಣ್ಣು ಕಲಸಲು ಕೂತವಳು ಹಾಗೇ ಕೂತುಬಿಟ್ಟಳು. ಮಕ್ಕಳೇ, ಕೈ ದಣಿದರೆ ನಿದ್ದೆ ಮಾಡಿ ಏಳಬಹುದು. ಅವಳಿಗೆ ಮನಸ್ಸೇ ದಣಿದಿತ್ತು. ಕೇರಿಯವರಿಗೂ ಅಷ್ಟೇ. ಕೂಲಿಯಿಲ್ಲ, ನೆಲೆಯಿಲ್ಲ, ಇನ್ನೊಂದು ಮಳೆಗೆ ಮುಂಚೆ ಹೊರಟುಬಿಡೋಣ ಎಂದು ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದರು.

ನೀರಿಳಿದಾಗಲೆಲ್ಲ, ಕೇರಿಯ ಉಸ್ತುವಾರಿಗೆಂದು ರಾಜ ನೇಮಿಸಿದ್ದ ಪಾರುಪತ್ಯಗಾರ ಭುಜಂಗಯ್ಯ ಅರಮನೆಯ ರಾಗಿ ತಂದು ಗಂಜಿ ಹೊಯ್ಯಿಸುತ್ತಿದ್ದ. ಅದಕ್ಕೆ ಪರಿಹಾರ ಎಂದು ಹೆಸರು. ಹಂಚುವವನ ಪಾಲೆಂದು ಅವನ ಮನೆಗೂ ರಾಗಿ ಹೋಗುತ್ತಿತ್ತು. ಗಂಜಿ ನೀರಾದಷ್ಟೂ ಅವನ ಕಣಜ ತುಂಬುತ್ತಿತ್ತು. ಹೊಳೆಗೊಂದು ಏರಿ ಹಾಕಿಸಿ ಎಂದು ಕೇರಿಯವರು ಕೇಳಿದರು. ಮೊದಲ ಸಲ ಮುಹೂರ್ತವಿಲ್ಲ ಅಂದ. ಎರಡನೆಯ ಸಲ ಆಳುಗಳಿಲ್ಲ ಅಂದ, ಕೆಲಸವಿಲ್ಲದ ಆಳುಗಳೇ ಎದುರಿಗೆ ನಿಂತಿದ್ದರು. ಕಳ್ಳನಿಗೊಂದು ಪಿಳ್ಳೆ ನೆವ. ಮೂರನೆಯ ಸಲ ಬೆನ್ನು ತಿರುಗಿಸಿ ನಡೆದುಬಿಟ್ಟ.

ಒಂದು ದಿನ ರಾಜನೇ ಕೇರಿಗೆ ಬಂದ. ಈ ಜನರನ್ನು ಹೊಳೆಯಿಂದ ಕಾಯುತ್ತಿರುವವನು ನಾನೇ ಎಂದು ಭುಜಂಗಯ್ಯ ಕೊಚ್ಚಿಕೊಂಡ. ರಾಜ ಹಿಗ್ಗಿ, ಇವನಿಗೆ ಏನು ಕೊಡಲಿ ಎಂದು ಜನರನ್ನೇ ಕೇಳಿದ. ನಿಂಗಾಜಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು.

"ಬುದ್ಧಿ, ನಮ್ಮನ್ನ ಕಾಯೋರಿಗೆ ಹೊಳೆ ಬಂದಾಗ ಮಾತ್ರ ರಾಗಿ ಕೊಡೋದು ಅನ್ಯಾಯ. ಕೇರಿಗೆ ನೀರು ನುಗ್ಗದ ಒಂದೊಂದು ತಿಂಗಳಿಗೂ ಕೊಡಿ. ನುಗ್ಗಿದರೆ ಇವರು ಕಾಯಲಿಲ್ಲ ಅಂತಾಯ್ತು. ಆಗ ಕೊಟ್ಟಿದ್ದೆಲ್ಲ ವಾಪಸು ತಗೊಳ್ಳಿ."

ನ್ಯಾಯವಾಗಿದೆ ಎಂದ ರಾಜ. ಭುಜಂಗಯ್ಯನಿಗೆ ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಒಲ್ಲೆ ಎಂದರೆ ಇಷ್ಟು ದಿನ ಕೇರಿಯನ್ನು ಕಾಯುತ್ತಿದ್ದೆ ಎಂದದ್ದು ಸುಳ್ಳು ಎಂದಾಗುತ್ತಿತ್ತು.

ಮರುದಿನವೇ ಅವನು ಕೇರಿಗೆ ಓಡಿಬಂದ. ನೀವು ಏರಿ ಹಾಕಿ, ನಾನು ಗಂಜಿ ಕೊಡುತ್ತೇನೆ ಅಂದ. ಯಾರೂ ಏಳಲಿಲ್ಲ.

"ನೀರುಗಂಜಿ ಕುಡಿದು ಹಾಕಿದ ಏರಿ ನಿಲ್ಲಾಕಿಲ್ಲ, ಅಯ್ಯಾ," ಅಂದಳು ನಿಂಗಾಜಮ್ಮ. "ಹೊಟ್ಟೆ ತುಂಬೋ ಕೂಲಿ ಕೊಡಿ. ಬೇಸಿಗೆಗೆ ಮಾತ್ರ ಅಲ್ಲ, ಏರಿ ಕಾಯೋಕೆ, ದುರಸ್ತಿ ಮಾಡೋಕೆ ವರ್ಷವಿಡೀ ಜನ ಬೇಕು."

ಬೇರೆ ದಾರಿಯಿರಲಿಲ್ಲ, ಕಣಜದ ಬಾಗಿಲು ತೆರೆಯಿತು. ಗಂಡಸರು ಮಣ್ಣು ಹೊತ್ತರು, ಹೆಂಗಸರು ಕಲ್ಲು ಜೋಡಿಸಿದರು, ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆಲ್ಲ ಲಕ್ಕಿಗಿಡ ನೆಟ್ಟರು. ಕೆಲಸ ಸಿಕ್ಕಿದ್ದಕ್ಕೆ ಯಾರೂ ಊರು ಬಿಡಲಿಲ್ಲ.

ಮಳೆಗಾಲ ಬಂತು. ಹೊಳೆ ಉಕ್ಕಿತು, ಏರಿಗೆ ಮೈ ತಿಕ್ಕಿತು, ತನ್ನ ಪಾಡಿಗೆ ಹೋಯಿತು. ಕೇರಿಯವರು ಕುಣಿದರು. ನಿಂಗಾಜಮ್ಮ ತನ್ನ ಬಿದ್ದ ಮನೆಯ ಮೋಟುಗೋಡೆಗೆ ಒರಗಿ ಕೂತಿದ್ದಳು. ಯಾಕಜ್ಜಿ ನಗಲಿಲ್ಲ ಎಂದು ಯಾರೋ ಕೇಳಿದರು.

"ಇಷ್ಟೇ ಕೆಲಸ ಇತ್ತು. ಅದು ಆಗದೆ ನನ್ನ ಮೂರು ಮನೆ ಹೋದವಲ್ಲಪ್ಪ," ಅಂದಳು.

ನೀತಿ ಏನೆಂದರೆ: ಮನೆ ಬಿದ್ದ ಮೇಲಿನ ಗಂಜಿಗಿಂತ ಬೀಳುವ ಮುಂಚಿನ ದುಡಿಮೆ ದೊಡ್ಡದು. ನಮ್ಮ ಕಷ್ಟದಿಂದ ಯಾರಿಗೆ ಲಾಭವೋ, ಅವರನ್ನು ನಮ್ಮ ಕಾವಲಿಗೆ ಇಡಬಾರದು.